ಆಟವೂ ಕಥೆಯೂ ವ್ಯರ್ಥವೋ?

ಆಡುವ ಮಗುವನ್ನು ಕಂಡು, "ಇದು ಹೊತ್ತುಗಳೆಯುವದಲ್ಲದೆ ಮತ್ತೇನು?" ಎಂದು ಕೇಳುವವರುಂಟು. ಕಟ್ಟಿದ ಕಥೆಯು ಸುಳ್ಳಿಗೆ ಸಮಾನವೆಂದು ಸಂಕೋಚಪಡುವವರೂ ಉಂಟು. ಈ ಎರಡು ಸಂಶಯಗಳನ್ನು ತಳ್ಳಿಬಿಡದೆ ವಿಚಾರಿಸುವದು ಯುಕ್ತವೆಂದು ಎಣಿಸುತ್ತೇವೆ.

ಮೊದಲು ಕಥೆಯ ಮಾತು. ಸುಳ್ಳಾಡುವವನು ಕೇಳುವವನನ್ನು ಮೋಸಗೊಳಿಸಬೇಕೆಂದಿರುವನು. ತನ್ನ ಮಾತು ಕಟ್ಟಿದ್ದೆಂದು ತಿಳಿದುಬಂದರೆ ಅವನ ಕಾರ್ಯವು ಕೆಡುವದು. ಕಥೆಗಾರನಾದರೋ "ಒಂದಾನೊಂದು ಊರಿನಲ್ಲಿ" ಎಂದು ಆರಂಭಿಸುವಾಗಲೇ ತನ್ನ ಗುಟ್ಟನ್ನು ಬಿಟ್ಟುಕೊಡುತ್ತಾನೆ. ನರಿಯು ಮಾತಾಡಿತೆಂದು ಕೇಳಿದ ಕೂಸು ಮೋಸಹೋಗುವದಿಲ್ಲ. ನರಿಯ ನೆವದಿಂದ ಮನುಷ್ಯನ ಕಪಟವನ್ನು ಗುರುತಿಸಲು ಕಲಿಯುತ್ತದೆ. ಆದದರಿಂದ ಕಥೆಯನ್ನೂ ಸುಳ್ಳನ್ನೂ ಬೇರ್ಪಡಿಸುವದು ಹೇಳುವವನ ಉದ್ದೇಶವೇ.

ಇನ್ನು ಆಟದ ಮಾತು. ಜರ್ಮನಿಯ ಥುರಿಂಗಿಯ ಸೀಮೆಯಲ್ಲಿ 1782ರಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದ ಫ್ರೀಡ್ರಿಕ್ ಫ್ರೋಬೆಲ್ ಎಂಬವರು 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಚಿಕ್ಕ ಮಕ್ಕಳಿಗಾಗಿ ಸಂಸ್ಥೆಯೊಂದನ್ನು ತೆರೆದರು. 1840ರಲ್ಲಿ ಅದಕ್ಕೆ "ಕಿಂಡರ್‌ಗಾರ್ಟನ್", ಅಂದರೆ ಮಕ್ಕಳ ತೋಟ, ಎಂಬ ಹೆಸರಿಟ್ಟರು. ಮಗುವಿನ ಒಳಗಿರುವದು ಹೊರಗೆ ಬರುವ ದಾರಿಯು ಆಟವೇ ಎಂಬದು ಅವರ ಬೋಧನೆ. ಅವರು ಮಕ್ಕಳ ಕೈಗೆ ಕೊಟ್ಟ ಸಾಮಾನು ಅಲ್ಪ: ಬಣ್ಣದ ಉಣ್ಣೆಯ ಚೆಂಡುಗಳು, ಮರದ ಗುಂಡು, ಎಂಟು ಸಣ್ಣ ತುಂಡುಗಳಾಗಿ ಬಿಡಿಸಬಹುದಾದ ಮರದ ಘನ. ಅವೇ ಎಂಟು ತುಂಡುಗಳಿಂದ ಮಗುವು ಈಗ ಕುರ್ಚಿಯನ್ನು, ಆಮೇಲೆ ಮೆಟ್ಟಲನ್ನು, ಮತ್ತೆ ಮನೆಯನ್ನು ಕಟ್ಟುವದು. ಕಟ್ಟಿದ್ದಕ್ಕೆ ಒಂದು ಕಥೆಯನ್ನೂ ಕೂಡಿಸುವದು.

ಇಂಥ ನಿರಪರಾಧವಾದ ಕೆಲಸವನ್ನೂ ಪ್ರಶ್ಯದ ಸರಕಾರವು ನಾಸ್ತಿಕತೆಯನ್ನೂ ಸಮಾಜವಾದವನ್ನೂ ಹಬ್ಬಿಸುವದೆಂದು ಶಂಕಿಸಿ 1851ರಲ್ಲಿ ನಿಷೇಧಿಸಿತು. ಅವರ ಸೋದರನ ಮಗನ ಬರಹಗಳನ್ನು ಅವರ ಬೋಧನೆಯೊಂದಿಗೆ ಬೆರಸಿ ಎಣಿಸಿದ್ದು ಇದಕ್ಕೆ ಒಂದು ಕಾರಣ. ಮರುವರುಷವೇ ಫ್ರೋಬೆಲರು ತೀರಿಹೋದರು. 1860ರಲ್ಲಿ ನಿಷೇಧವು ತೆಗೆಯಲ್ಪಟ್ಟದ್ದನ್ನು ಅವರು ಕಾಣಲಿಲ್ಲ. ಆದರೂ ಅವರಿಟ್ಟ ಹೆಸರು ಇಂದಿಗೂ ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ.

ಎಲ್ಲಾ ಆಟವೂ ಒಳ್ಳೇದೆಂದು ನಾವು ಹೇಳುವದಿಲ್ಲ. ಬಲಹೀನನನ್ನು ಅಣಕಿಸುವ ಆಟವೂ ನೆರೆಯವರ ಮಾನ ಕಳೆಯುವ ಕಥೆಯೂ ಮನಸ್ಸನ್ನು ಕೆಡಿಸುವವು. "ಬಡವರ ಮನೆಯಲ್ಲಿ ಕೂಸೂ ಕೈಕೂಡಿಸಬೇಕು, ಆಟಕ್ಕೆ ಹೊತ್ತೆಲ್ಲಿ?" ಎಂಬ ಮಾತೂ ಭಾರವಾದದ್ದೇ. ಆದರೆ ಹೇಳಿದ್ದನ್ನೇ ಮಾಡುತ್ತಾ ಬೆಳೆದು, ತನ್ನದೆಂಬ ಒಂದು ಮಾತನ್ನೂ ಆಡಿ ನೋಡದ ಮಗುವು ಮುಂದೆ ಹತ್ತು ಜನರ ನಡುವೆ ಅನ್ಯಾಯವನ್ನು ಕಂಡಾಗ ಹೇಗೆ ಬಾಯಿ ತೆರೆದೀತು? ಬಡವನಿಗೆ ಹೊಲವಿಲ್ಲದಿರಬಹುದು, ಸ್ವಂತ ಮಾತೂ ಇಲ್ಲದಂತಾದರೆ ಅವನಿಗೆ ಉಳಿಯುವದೇನು?

ಆದಕಾರಣ ತಾಯಿತಂದೆಗಳೇ, ರಾತ್ರಿ ಊಟವಾದ ಮೇಲೆ ಸ್ವಲ್ಪ ಹೊತ್ತು ಕಥೆ ಹೇಳಿರಿ. ನಡುವೆ ನಿಲ್ಲಿಸಿ, "ಮುಂದೇನಾಯಿತು, ನೀನೇ ಹೇಳು" ಎನ್ನಿರಿ. ಮಗುವು ಹೇಳುವದು ನಿಮ್ಮ ಎಣಿಕೆಯಂತಿರದಿದ್ದರೆ ಕೂಡಲೆ ತಿದ್ದಬೇಡಿರಿ. ಇದಕ್ಕೆ ಕಾಸು ಬೇಡ, ಪುಸ್ತಕವೂ ಬೇಡ. ಕೇಳುವ ಕಿವಿ ಸಾಕು.