ಅತಿಥಿಯೂ ಮನೆಯವನೂ

ಅತಿಥಿಯೆಂಬ ಶಬ್ದಕ್ಕೆ, ತಿಥಿಯನ್ನು ಗೊತ್ತುಮಾಡದೆ ಬರುವವನೆಂದು ಹಿಂದಿನವರು ಅರ್ಥ ಹೇಳಿದರು. ಸ್ಮೃತಿಕಾರರು ಇದಕ್ಕೆ ಇನ್ನೊಂದು ಲಕ್ಷಣವನ್ನು ಸೇರಿಸಿದರು. ಅವನು ಒಂದು ರಾತ್ರಿ ಮಾತ್ರ ತಂಗುವವನು. ಬಂದವನ ಕಾಲಿಗೆ ನೀರು ಕೊಟ್ಟು, ಮಣೆ ಹಾಕಿ, ಮನೆಯವರು ಉಣ್ಣುವುದಕ್ಕೆ ಮುಂಚೆ ಅವನಿಗೆ ಉಣಬಡಿಸುವುದು ಗೃಹಸ್ಥನ ಧರ್ಮ. ಈ ಧರ್ಮವು ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರಲ್ಲಿ ಒಂದು ಸೌಕರ್ಯವೂ ಅಡಗಿದೆ. ಬೆಳಗಾದರೆ ಅತಿಥಿಯು ಹೊರಡುವನು. ಮನೆಯು ಮೊದಲಿನಂತೆಯೇ ಮನೆಯವನದಾಗಿ ಉಳಿಯುವುದು. ಅತಿಥಿಯು ಹೊರಡದೆ ನಿಂತರೆ, ಹೊರಟುಹೋಗುವುದಕ್ಕೆ ಅವನಿಗೆ ಬೇರೆ ಊರೇ ಇಲ್ಲದಿದ್ದರೆ, ಆಗ ಧರ್ಮವೇನು? ಅವನನ್ನು ಎಷ್ಟು ದಿನ ಅತಿಥಿಯೆಂದು ಕರೆಯಬೇಕು? ಯಾವ ದಿನದಿಂದ ಮನೆಯವನೆಂದು ಕರೆಯಬೇಕು?

ಈ ಪ್ರಶ್ನೆಯು ಅಮೆರಿಕದ ಎಪಿಸ್ಕೋಪಲ್ ಪಂಗಡಕ್ಕೆ ಸೇರಿದ ಎಷ್ಟೋ ಚಿಕ್ಕ ಸಭೆಗಳಲ್ಲಿ ಗ್ರಂಥದ ಪ್ರಶ್ನೆಯಾಗಿ ಉಳಿಯದೆ, ಪ್ರತಿ ಭಾನುವಾರದ ಪ್ರಶ್ನೆಯಾಗಿದೆ. ಈ ಪಂಗಡವು ಇಂಗ್ಲೆಂಡಿನ ರಾಷ್ಟ್ರೀಯ ಸಭೆಯಿಂದ ಹುಟ್ಟಿದುದು. ಅಮೆರಿಕವು ಸ್ವತಂತ್ರವಾದ ಬಳಿಕ, ಇಂಗ್ಲೆಂಡಿನ ಅರಸನಿಗೆ ನಿಷ್ಠೆಯ ಪ್ರಮಾಣ ಮಾಡಲಾರದೆ, ಸ್ಯಾಮುಯೆಲ್ ಸೀಬರಿ ಎಂಬವರು 1784ರಲ್ಲಿ ಸ್ಕಾಟ್ಲೆಂಡಿಗೆ ಹೋಗಿ ಅಲ್ಲಿನ ಬಿಷಪ್ಪರಿಂದ ಅಭಿಷೇಕವನ್ನು ಪಡೆದು ಬಂದರು. 1789ರಲ್ಲಿ ಪಂಗಡಕ್ಕೆ ತನ್ನದೇ ಆದ ನಿಬಂಧನೆಯೂ ಪ್ರಾರ್ಥನಾ ಪುಸ್ತಕವೂ ಆದುವು. ಬಹುಕಾಲ ಇದು ಆ ದೇಶದ ಸ್ಥಿತಿವಂತರ ಪಂಗಡವೆಂದು ಹೆಸರಾಗಿತ್ತು. ಈಗಿನ ಸ್ಥಿತಿ ಬೇರೆ. ಅದರ ಸಭೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಭಾನುವಾರದ ಆರಾಧನೆಗೆ ಸೇರುವವರು 50 ಮಂದಿಗಿಂತ ಕಡಮೆ. ಆ ಚಿಕ್ಕ ಗುಂಪುಗಳಲ್ಲಿಯೂ ಅಲ್ಲಲ್ಲಿ ವೆಸ್ಟಿಂಡೀಸಿನಿಂದ, ನೈಜೀರಿಯದಿಂದ, ದಕ್ಷಿಣ ಸೂಡಾನಿನಿಂದ, ಬರ್ಮಾದಿಂದ ಬಂದವರು ಹಳಬರ ಪಕ್ಕದಲ್ಲಿ ಕುಳಿತಿರುವರು. ಪ್ರತಿ ಸಭೆಗೂ ಪಾದ್ರಿಯೊಬ್ಬನಿದ್ದರೂ, ಹಣಕಾಸಿನ ಲೆಕ್ಕವೂ ಕಟ್ಟಡದ ಮೇಲ್ವಿಚಾರಣೆಯೂ ಸಭಿಕರು ಚುನಾಯಿಸಿದ ವೆಸ್ಟ್ರಿ ಎಂಬ ಮಂಡಲಿಯ ಕೈಯಲ್ಲಿರುತ್ತವೆ. ಬೀಗದ ಕೈ ಯಾರಲ್ಲಿದೆಯೆಂದು ಕೇಳಿದರೆ ವೆಸ್ಟ್ರಿಯಲ್ಲಿದೆಯೆಂದು ಹೇಳಬಹುದು. ಈ ಸಂಗತಿಯು ಮುಂದಿನ ವಿಚಾರಕ್ಕೆ ಬೇಕಾದುದು.

ಟೆನೆಸಿ ಸಂಸ್ಥಾನದ ನ್ಯಾಶ್‌ವಿಲ್ ನಗರಕ್ಕೆ ಹತ್ತಿರದಲ್ಲಿ ಸ್ಮರ್ನಾ ಎಂಬ ಊರಿದೆ. ಅಲ್ಲಿನ ‘ಆಲ್ ಸೇಂಟ್ಸ್’ ಸಭೆಯು ಪಂಗಡದೊಳಗಿನ ಸಿದ್ಧಾಂತಕಲಹದಿಂದ ಒಡೆದು, ಹೆಚ್ಚಿನವರು ಬಿಟ್ಟುಹೋದರು. ಉಳಿದವರು ಸುಮಾರು 25 ಮಂದಿ. ಅವರೊಡನೆ ಉಳಿದದ್ದು ಹೊಸ ಕಟ್ಟಡ, ಅದರ ಮೇಲಿನ ದೊಡ್ಡ ಸಾಲ, ಸುತ್ತಲಿನ ಬೀಳು ನೆಲ. 2007ರಲ್ಲಿ ಅಲ್ಲಿಗೆ ಮೈಕೇಲ್ ಸ್ಪರ್ಲಾಕ್ ಎಂಬ ಹೊಸ ಪಾದ್ರಿಯು ಬಂದರು. ಆಸ್ತಿಯನ್ನು ಮಾರಿ ಬಾಗಿಲು ಹಾಕುವುದೇ ಅವರ ಮುಂದಿದ್ದ ಮಾರ್ಗವಾಗಿ ಕಂಡಿತು. ಆ ಸಮಯದಲ್ಲಿ ಬರ್ಮಾ ದೇಶದ ಕರೆನ್ ಜನರು ಸುಮಾರು 70 ಮಂದಿ ಅವರ ಬಾಗಿಲಿಗೆ ಬಂದರು. 1949ರಿಂದ ಬರ್ಮಾ ಸರಕಾರದ ಸೈನ್ಯಕ್ಕೂ ಕರೆನ್ ದಂಡಿಗೂ ನಡೆದ ಯುದ್ಧದಲ್ಲಿ ಹಳ್ಳಿಗಳನ್ನು ಕಳೆದುಕೊಂಡು, ಥಾಯ್ಲೆಂಡಿನ ಶಿಬಿರಗಳಲ್ಲಿ ವರ್ಷಗಟ್ಟಲೆ ಇದ್ದು, ಕೊನೆಗೆ ಅಮೆರಿಕಕ್ಕೆ ಬಂದು ಸೇರಿದವರು ಅವರು. ತಮ್ಮ ದೇಶದಲ್ಲಿ ಆಂಗ್ಲಿಕನ್ ಸಭೆಗೆ ಸೇರಿದವರಾಗಿದ್ದುದರಿಂದ ಇಲ್ಲಿಯೂ ಅದೇ ಸಂಪ್ರದಾಯದ ಆಲಯವನ್ನು ಹುಡುಕಿಕೊಂಡು ಬಂದಿದ್ದರು. ಅವರಿಗೆ ಇಂಗ್ಲಿಷು ಬಾರದು; ಕೈಯಲ್ಲಿ ಕಾಸಿಲ್ಲ; ಆದರೆ ಬೇಸಾಯ ಬಲ್ಲರು. ಹಳಬರಿಗೆ ನೆಲವಿತ್ತು, ಅದರಲ್ಲಿ ಏನು ಮಾಡಬೇಕೆಂಬುದು ತಿಳಿಯದು. ಹೊಲದಲ್ಲಿ ಅಡ್ಡಾಡುತ್ತಿದ್ದಾಗ, ನೆಲವೂ ಬೇಸಾಯಗಾರರೂ ಒಟ್ಟಿಗೆ ದೊರೆತಿರುವಾಗ ಇನ್ನೇಕೆ ತಡವೆಂಬ ದೈವಪ್ರೇರಣೆ ತಮಗಾಯಿತೆಂದು ಸ್ಪರ್ಲಾಕರು ಹೇಳಿಕೊಂಡಿದ್ದಾರೆ. ಬೀಳು ನೆಲವು ಕಾಯಿಪಲ್ಲೆಯ ಹೊಲವಾಯಿತು. ಅಮೆರಿಕದವರಿಗೆ ಹೊಸತಾದ, ಕನ್ನಡಿಗರ ಪುಂಡಿಯ ಜಾತಿಗೆ ಸೇರಿದ ಹುಳಿಸೊಪ್ಪನ್ನೂ ಅಲ್ಲಿ ಬೆಳೆದರು. ಬೆಳೆದುದರಲ್ಲಿ ಒಂದು ಪಾಲು ಬಂದವರ ಅಡಿಗೆಗೆ, ಇನ್ನೊಂದು ಪಾಲು ಮಾರಾಟಕ್ಕೆ. ಮಾರುವ ಆಲೋಚನೆ ಹಿಂದೆ ಸರಿದು, ಸಭೆಯು ಉಳಿದುಕೊಂಡಿತು. ಈ ವೃತ್ತಾಂತವು 2017ರಲ್ಲಿ ಪುಸ್ತಕವಾಗಿಯೂ ಚಲನಚಿತ್ರವಾಗಿಯೂ ಹೊರಬಂದಿತು.

ಈ ಕಥೆಯನ್ನು ಕೇಳಿದವರು ಸಾಮಾನ್ಯವಾಗಿ ಹಳಬರ ಔದಾರ್ಯವನ್ನು ಹೊಗಳುವರು. ಸ್ವಲ್ಪ ನಿಂತು ಯೋಚಿಸಿದರೆ, ಇಲ್ಲಿ ಔದಾರ್ಯಕ್ಕಿಂತ ಮುಂಚೆ ಬಂದದ್ದು ಬಡತನವೆಂಬುದು ತಿಳಿಯುವುದು. ಆಲಯವು ತುಂಬಿ, ಹುಂಡಿಯು ತುಂಬಿ ಇದ್ದಿದ್ದರೆ, ಬಂದ ಕರೆನ್ನರಿಗೆ ಹಳೆಯ ಬಟ್ಟೆಯನ್ನೂ ಒಂದು ಚೀಲ ಅಕ್ಕಿಯನ್ನೂ ಕೊಟ್ಟು, ಹಿಂದಿನ ಸಾಲಿನಲ್ಲಿ ಕೂರಿಸಿ, ದಾನ ಮಾಡಿದ ತೃಪ್ತಿಯಿಂದ ಮನೆಗೆ ಹೋಗುವುದು ಸಾಧ್ಯವಾಗುತ್ತಿತ್ತು. ದಾನದಲ್ಲಿ ಕೊಡುವವನ ಕೈ ಮೇಲೆ, ತೆಗೆದುಕೊಳ್ಳುವವನ ಕೈ ಕೆಳಗೆ. ಚಿಕ್ಕ ಸಭೆಗೆ ಕೈಯನ್ನು ಮೇಲಿಡುವಷ್ಟು ಶಕ್ತಿಯಿರಲಿಲ್ಲ. ಇಬ್ಬರೂ ಇಲ್ಲದವರೇ ಆದಾಗ ಕೈಗಳು ಒಂದೇ ಮಟ್ಟಕ್ಕೆ ಬಂದುವು.

ಇದಕ್ಕೆ ಒಂದು ಬಲವಾದ ಆಕ್ಷೇಪವುಂಟು. ಹಾಗಾದರೆ ಇದು ಧರ್ಮವಲ್ಲ, ವ್ಯವಹಾರ. ಬಂದವರು ಉಪಯೋಗಕ್ಕೆ ಬಂದರು, ಆದುದರಿಂದ ಬೇಕಾದರು. ಉಪಯೋಗಕ್ಕೆ ಬಾರದಿದ್ದರೆ ಬೇಡವಾಗುತ್ತಿದ್ದರಲ್ಲವೆ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅದೇ ಪಂಗಡದ ಚರಿತ್ರೆಯೇ ಅದಕ್ಕೆ ಸಾಕ್ಷಿಯನ್ನು ಒದಗಿಸುತ್ತದೆ.

ಆಬ್ಸಲಮ್ ಜೋನ್ಸ್ ಎಂಬವರು 1746ರಲ್ಲಿ ಡೆಲವೇರಿನಲ್ಲಿ ಗುಲಾಮರಾಗಿ ಹುಟ್ಟಿದರು. ದುಡಿದು ಕೂಡಿಸಿದ ಹಣದಿಂದ ಮೊದಲು ಹೆಂಡತಿಯ ಬಿಡುಗಡೆಯನ್ನು ಕೊಂಡು, 1784ರಲ್ಲಿ ತಮ್ಮ ಬಿಡುಗಡೆಯನ್ನು ಪಡೆದರು. ಫಿಲಡೆಲ್ಫಿಯದ ಒಂದು ಮೆಥೊಡಿಸ್ಟ್ ಆಲಯದಲ್ಲಿ ಅವರು ಮೊಣಕಾಲೂರಿ ಪ್ರಾರ್ಥಿಸುತ್ತಿದ್ದಾಗ, ಕರಿಯರಿಗೆ ಆ ಜಾಗವಲ್ಲವೆಂದು ಅವರನ್ನು ಎಳೆದೆಬ್ಬಿಸಲು ಬಂದರು. ಜೋನ್ಸರೂ ರಿಚರ್ಡ್ ಆಲನ್ನರೂ ತಮ್ಮವರೊಡನೆ ಆ ಆಲಯವನ್ನು ಬಿಟ್ಟು ಹೊರಬಂದರು. 1793ರಲ್ಲಿ ಆ ನಗರಕ್ಕೆ ಹಳದಿ ಜ್ವರ ಬಂದು ಸುಮಾರು 5,000 ಮಂದಿ ಸತ್ತರು. ಶಕ್ತರಾದವರು ಊರು ಬಿಟ್ಟು ಓಡಿದರು. ಕರಿಯರಿಗೆ ಈ ಜ್ವರ ತಗಲುವುದಿಲ್ಲವೆಂಬ ತಪ್ಪು ನಂಬಿಕೆಯಿಂದ ವೈದ್ಯರಾದ ಬೆಂಜಮಿನ್ ರಶ್ಶರು ಅವರ ನೆರವನ್ನು ಬೇಡಿದರು. ಜೋನ್ಸರೂ ಆಲನ್ನರೂ ತಮ್ಮವರನ್ನು ಕೂಡಿಸಿ ರೋಗಿಗಳ ಆರೈಕೆಯನ್ನೂ ಹೆಣಗಳ ಸಂಸ್ಕಾರವನ್ನೂ ನಡೆಸಿದರು. ಅವರಲ್ಲಿಯೂ ಎಷ್ಟೋ ಮಂದಿ ಸತ್ತರು. ಜ್ವರವು ಇಳಿದ ಮೇಲೆ, ಆರೈಕೆಯ ನೆವದಲ್ಲಿ ಕೆಲವರು ಹಣ ಸುಲಿದರೆಂಬ ಅಪವಾದವು ಅಚ್ಚಾಯಿತು! ಅದಕ್ಕೆ ಉತ್ತರವಾಗಿ ಅವರಿಬ್ಬರೂ 1794ರಲ್ಲಿ ಒಂದು ಕಿರುಹೊತ್ತಗೆಯನ್ನು ಪ್ರಕಟಿಸಬೇಕಾಯಿತು. ಅದೇ ವರ್ಷ ಜೋನ್ಸರ ಸಂತ ತೋಮನ ಆಲಯವು ಎಪಿಸ್ಕೋಪಲ್ ಪಂಗಡಕ್ಕೆ ಸೇರಿತು. 1795ರಲ್ಲಿ ಅವರು ಡೀಕನ್ ಪದವಿಯನ್ನು ಪಡೆದು, ಮುಂದೆ ಆ ಪಂಗಡದ ಮೊದಲನೆಯ ಕರಿಯ ಪಾದ್ರಿಯಾದರು. ಆದರೆ ಗ್ರೀಕ್ ಲ್ಯಾಟಿನ್ ಭಾಷೆಗಳ ಪರೀಕ್ಷೆಯಿಂದ ಅವರಿಗೆ ವಿನಾಯಿತಿ ಕೊಟ್ಟು, ಅದಕ್ಕೆ ಪ್ರತಿಯಾಗಿ, ಅವರ ಸಭೆಯು ಪ್ರಾಂತದ ಮಹಾಸಭೆಗೆ ಪ್ರತಿನಿಧಿಗಳನ್ನು ಕಳುಹಬಾರದೆಂದು ಷರತ್ತು ಹಾಕಿದರು. ಆ ಬಾಗಿಲು ತೆರೆಯುವುದಕ್ಕೆ ಸುಮಾರು 70 ವರ್ಷ ಬೇಕಾಯಿತು. ಜೋನ್ಸರು 1818ರಲ್ಲಿಯೇ ತೀರಿಕೊಂಡಿದ್ದರು.

ಫಿಲಡೆಲ್ಫಿಯದವರಿಗೆ ಆ ಜನರ ಉಪಯೋಗವು ಸ್ಮರ್ನಾದವರಿಗಿಂತ ನೂರ್ಮಡಿಯಾಗಿ ಆಗಿತ್ತು. ಇಲ್ಲಿ ಉಳಿದದ್ದು ಕಟ್ಟಡ, ಅಲ್ಲಿ ಉಳಿದದ್ದು ಪ್ರಾಣ. ಆದರೂ ಉಪಯೋಗದಿಂದ ಸಮಾನತೆಯು ತಾನಾಗಿ ಹುಟ್ಟಲಿಲ್ಲ. ಕೊರತೆಯು ಎರಡು ಕೈಗಳನ್ನು ಒಂದು ಮಟ್ಟಕ್ಕೆ ತರಬಲ್ಲುದು; ಕೊರತೆ ನೀಗಿದ ಬಳಿಕವೂ ಅವು ಅದೇ ಮಟ್ಟದಲ್ಲಿ ನಿಲ್ಲುವುವೆ ಎಂಬುದು ಬೇರೆಯ ಮಾತು. ಅಲ್ಲಿಂದ ಮುಂದೆ ಬೇಕಾದದ್ದು ಸಂಕಲ್ಪ. ಬಂದವನು ಹಾಡಬಹುದು, ಗುಡಿಸಬಹುದು, ಬಿತ್ತಬಹುದು. ಲೆಕ್ಕದ ಪುಸ್ತಕವನ್ನು ತೆರೆದು ಪ್ರಶ್ನಿಸಬಹುದೆ? ಹಳಬರ ಅಭಿಪ್ರಾಯಕ್ಕೆ ವಿರುದ್ಧವಾಗಿ ಮತ ಕೊಟ್ಟು ಗೆಲ್ಲಬಹುದೆ? ಈ ಎರಡನೆಯ ಪ್ರಶ್ನೆಗೆ ಬರುವ ಉತ್ತರವೇ ಅತಿಥಿಗೂ ಮನೆಯವನಿಗೂ ಇರುವ ಗಡಿ. ಚಿಕ್ಕ ಸಭೆಯ ವೆಸ್ಟ್ರಿಯಲ್ಲಿ ಹೊಸಬನೊಬ್ಬನು ಕುಳಿತು, ಹಳಬರಿಗೆ ಪ್ರಿಯವಾದ ಯಾವುದೋ ಒಂದು ವಾಡಿಕೆಯನ್ನು ಬದಲಿಸಬೇಕೆಂದು ಹೇಳಿದ ದಿನ ಆ ಸಭೆಯ ಪರೀಕ್ಷೆಯು ಆರಂಭವಾಗುವುದು.

ಹೀಗೆ ಕಷ್ಟಪಟ್ಟು ಬೆರೆಯುವುದೇಕೆ, ಪ್ರತಿ ಜನಾಂಗವೂ ತನ್ನ ಭಾಷೆಯಲ್ಲಿ ತನ್ನ ಆಲಯದಲ್ಲಿ ಆರಾಧಿಸಿದರೆ ಸಾಲದೆ ಎಂದು ಕೇಳುವವರುಂಟು. ಈ ಮಾತಿನಲ್ಲಿಯೂ ಸತ್ಯವಿದೆ. ಜೋನ್ಸರು ತಮ್ಮದೇ ಆಲಯವನ್ನು ಕಟ್ಟಿದುದು ಬೆರೆಯುವ ಇಚ್ಛೆಯಿಲ್ಲದೆ ಅಲ್ಲ. ಮೊಣಕಾಲೂರಲು ಯಾರೂ ಎಬ್ಬಿಸದ ಒಂದು ಜಾಗ ಬೇಕಾಗಿತ್ತು. ಅವಮಾನದೊಡನೆ ಕೂಡಿದ ಐಕ್ಯಕ್ಕಿಂತ ಮಾನದೊಡನೆ ಕೂಡಿದ ಬೇರ್ಪಾಟು ಮೇಲು. ಮಾತೃಭಾಷೆಯ ಪ್ರಾರ್ಥನೆಗೆ ಸಮನಾದುದೂ ಬೇರೊಂದಿಲ್ಲ. 1549ರಲ್ಲಿ ಇಂಗ್ಲೆಂಡಿನ ಸಭೆಯು ಲ್ಯಾಟಿನ್ನನ್ನು ಬಿಟ್ಟು ಇಂಗ್ಲಿಷಿನ ಪ್ರಾರ್ಥನಾ ಪುಸ್ತಕವನ್ನು ತಂದುದು, ಜನರಿಗೆ ತಿಳಿಯದ ಭಾಷೆಯಲ್ಲಿ ಆರಾಧಿಸುವುದು ಸರಿಯಲ್ಲವೆಂಬ ತತ್ತ್ವದ ಮೇಲೆಯೇ. ಆ ತತ್ತ್ವದ ಫಲವನ್ನು ಉಂಡವರ ಸಂತತಿಯು ಕರೆನ್ ಮುದುಕಿಗೆ ಇಂಗ್ಲಿಷಿನಲ್ಲಿಯೇ ಪ್ರಾರ್ಥಿಸೆಂದು ಹೇಳುವುದು ನ್ಯಾಯವಾಗದು.

ಆದುದರಿಂದ ಇಂಥ ಸಭೆಗಳಲ್ಲಿ ಎರಡು ಭಾಷೆಗಳೂ ಒಂದೇ ಆರಾಧನೆಯೊಳಗೆ ಬರುತ್ತವೆ. ಒಂದು ಪಾಠ ಇಂಗ್ಲಿಷಿನಲ್ಲಿ, ಇನ್ನೊಂದು ಬಂದವರ ನುಡಿಯಲ್ಲಿ. ಇದರಿಂದ ಹೊತ್ತು ಹೆಚ್ಚು ಹಿಡಿಯುವುದು. ಅರ್ಧ ಜನರಿಗೆ ಅರ್ಥವಾಗುತ್ತಿರುವಾಗ ಉಳಿದರ್ಧ ಜನರು ಸುಮ್ಮನೆ ಕುಳಿತಿರಬೇಕಾಗುವುದು. ಇದನ್ನು ದೋಷವೆಂದು ಎಣಿಸುವವರೇ ಹೆಚ್ಚು. ವಿಚಾರಮಾಡಿದರೆ, ಅರ್ಥವಾಗದ ಆ ಐದು ನಿಮಿಷಗಳೇ ಒಂದು ಶಿಕ್ಷಣ. ಪರದೇಶಿಯಾದವನು ವಾರದ ಆರು ದಿನವೂ ಅಂಗಡಿಯಲ್ಲಿ, ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ ಅರ್ಥವಾಗದೆ ನಿಂತಿರುವನು. ಹಳಬನಿಗೆ ಆ ಅನುಭವವು ಏಳನೆಯ ದಿನ ಐದು ನಿಮಿಷ ದೊರೆಯುವುದು. ತನಗಾಗಿ ಅಲ್ಲದ ಮಾತನ್ನು ತಾಳ್ಮೆಯಿಂದ ಕೇಳಿಸಿಕೊಳ್ಳುವುದು ಸಣ್ಣ ವಿದ್ಯೆಯಲ್ಲ.

ಪಾದ್ರಿಯ ಕೆಲಸವೂ ಇಲ್ಲಿ ಪ್ರಸಂಗಕ್ಕೆ ಮುಗಿಯುವುದಿಲ್ಲ. ಬಸುರಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಸರಕಾರದ ಅರ್ಜಿಗಳನ್ನು ತುಂಬಿಕೊಡುವುದು, ಮಕ್ಕಳನ್ನು ಶಾಲೆಗೆ ಸೇರಿಸುವುದು ಇವೆಲ್ಲವೂ ಅವನ ಪಾಲಿಗೆ ಬರುವುವು. ಬೇಗ ಭಾಷೆ ಕಲಿಯುವ ಮಕ್ಕಳೇ ತಂದೆತಾಯಿಗಳಿಗೆ ದುಭಾಷಿಗಳಾಗುವರು. ಹಿರಿಯನು ತನ್ನ ಕಷ್ಟವನ್ನು ಹತ್ತು ವರ್ಷದ ಮಗನ ಬಾಯಿಂದ ಹೇಳಿಸಬೇಕಾದಾಗ ಅವನ ಹಿರಿತನಕ್ಕೆ ಕುಂದು ಬರುವುದು. ಅಂಥವನಿಗೆ ಆಲಯದಲ್ಲಿ ತನ್ನ ನುಡಿಯಲ್ಲಿ ಪಾಠವನ್ನು ಓದುವ ಅವಕಾಶ ಸಿಕ್ಕಿದರೆ, ಹೊಲದಲ್ಲಿ ತಾನು ಹೇಳಿದಂತೆ ಹಳಬರು ಕೆಲಸ ಮಾಡಿದರೆ, ಕಳೆದುಹೋದ ಹಿರಿತನದ ಒಂದಂಶ ಮರಳಿ ಬರುವುದು. ಸ್ಮರ್ನಾದ ಹೊಲದಿಂದ ಬಂದ ಲಾಭಗಳಲ್ಲಿ ಲೆಕ್ಕದ ಪುಸ್ತಕಕ್ಕೆ ಏರದ ಈ ಲಾಭವೇ ಪ್ರಾಯಶಃ ದೊಡ್ಡದು. ಸ್ಪರ್ಲಾಕರು ಕೆಲವು ವರ್ಷಗಳ ಬಳಿಕ ನ್ಯೂಯಾರ್ಕಿನ ಬೇರೊಂದು ಆಲಯಕ್ಕೆ ಹೋದರು. ಪಾದ್ರಿಯು ಹೋದನು, ಬಂದವರು ನಿಂತರು. ಮನೆಯವರಾರೆಂಬುದಕ್ಕೆ ಇದೂ ಒಂದು ಉತ್ತರ.

ಈ ಪಂಗಡದ 1979ರ ಪ್ರಾರ್ಥನಾ ಪುಸ್ತಕದಲ್ಲಿ, ಕರ್ತನ ಭೋಜನಕ್ಕೆ ಮುಂಚೆ ನೆರೆದವರು ಒಬ್ಬರಿಗೊಬ್ಬರು ಶಾಂತಿಯನ್ನು ಹಾರೈಸುವ ವಿಧಿಯಿದೆ. ಪ್ರಾಚೀನವಾದ ಈ ಪದ್ಧತಿಯು ಪಾಶ್ಚಾತ್ಯ ಸಭೆಗಳ ಸಾಮಾನ್ಯ ಜನರಲ್ಲಿ ಬಹುಕಾಲ ಲೋಪವಾಗಿತ್ತು. ಅದು ಮತ್ತೆ ಬಳಕೆಗೆ ಬಂದುದರಲ್ಲಿ ದಕ್ಷಿಣ ಭಾರತದ ಪಾತ್ರವೂ ಇದೆ. 1947ರ ಸೆಪ್ಟೆಂಬರ್ 27ರಂದು ಹಲವು ಪಂಗಡಗಳು ಕೂಡಿ ದಕ್ಷಿಣ ಭಾರತ ಸಭೆಯಾದುವು. ಅದರ ಮೊದಲ ಪ್ರಾಂತಗಳಲ್ಲಿ ಮೈಸೂರೂ ಒಂದು. ಆ ಸಭೆಯು 1950ರಲ್ಲಿ ರಚಿಸಿದ ಆರಾಧನಾಕ್ರಮವು ಕೇರಳದ ಸುರಿಯಾನಿ ಕ್ರೈಸ್ತರ ವಾಡಿಕೆಯನ್ನು ತೆಗೆದುಕೊಂಡು, ಕೈಯಿಂದ ಕೈಗೆ ಶಾಂತಿಯನ್ನು ಸಾಗಿಸುವ ವಿಧಿಯನ್ನು ಸೇರಿಸಿತು; ಮುಂದಿನ ದಶಕಗಳಲ್ಲಿ ಅದು ಬೇರೆ ದೇಶಗಳ ಪೂಜಾಸುಧಾರಣೆಗೂ ಮಾದರಿಯಾಯಿತು. ಅಲ್ಲಿ ಹೇಳಿರುವ ರೀತಿಯು ಗಮನಿಸತಕ್ಕದ್ದು: ಕೊಡುವವನು ತನ್ನ ಬಲಗೈಯನ್ನು ಇನ್ನೊಬ್ಬನ ಬಲಗೈಗೆ ಸೇರಿಸುವನು, ಬಳಿಕ ಇಬ್ಬರೂ ತಮ್ಮ ಎಡಗೈಯನ್ನು ಮತ್ತೊಬ್ಬನ ಬಲಗೈಯ ಮೇಲೆ ಮುಚ್ಚುವರು. ಹಾಗೆ ಸೇರಿದ ನಾಲ್ಕು ಕೈಗಳಲ್ಲಿ ಕೊಟ್ಟುದು ಯಾವುದು, ತೆಗೆದುಕೊಂಡುದು ಯಾವುದು ಎಂದು ನೋಡುವವರಿಗೆ ತಿಳಿಯುವುದಿಲ್ಲ.

ಕೈ ಬಿಡಿಸಿಕೊಂಡು ಹೊರಗೆ ಬಂದ ಮೇಲೆ ಬಾಗಿಲಿಗೆ ಬೀಗ ಹಾಕುವವನು ಯಾರೆಂಬ ಪ್ರಶ್ನೆ ಉಳಿದೇ ಇರುತ್ತದೆ. ವಿಧಿಯು ಮನಸ್ಸನ್ನು ಸಿದ್ಧಮಾಡಬಲ್ಲುದು. ಬೀಗದ ಕೈಯನ್ನು ಮನುಷ್ಯನೇ ಮನುಷ್ಯನಿಗೆ ಕೊಡಬೇಕು. ಒಂದು ರಾತ್ರಿಗೆ ಬಂದವನನ್ನು ದೇವರೆಂದು ಪೂಜಿಸುವುದು ಒಂದು ಧರ್ಮ. ಉಳಿಯಲು ಬಂದವನನ್ನು ತನ್ನಂತೆಯೇ ಮನೆಯವನೆಂದು ಒಪ್ಪಿ, ಅವನ ಮಾತಿಗೆ ಒಮ್ಮೊಮ್ಮೆ ಸೋಲುವುದು ಅದಕ್ಕಿಂತ ಕಠಿನವಾದ ಧರ್ಮ. ಮೊದಲನೆಯದನ್ನು ಸಂಪನ್ನರ ಮನೆಗಳಲ್ಲಿ ಕಲಿಯಬಹುದು. ಎರಡನೆಯದಕ್ಕೆ ಗುರುಗಳು, ಸಾಲವಿರುವ ಕಟ್ಟಡವನ್ನೂ ಬೀಳು ನೆಲವನ್ನೂ ನಂಬಿಕೊಂಡಿದ್ದ ಅಂಥ ಚಿಕ್ಕ ಸಭೆಗಳೇ.