ಕಾರು ಮುಳುಗಲಿ ಅಂತ

'ಸೈಕೋ' ನೋಡಿದವರಿಗೆ ಆ ಕೆಸರುಗುಂಡಿ ಮರೆತುಹೋಗಿರೋಕೆ ಸಾಧ್ಯವಿಲ್ಲ. (ನೋಡದವರು ಕ್ಷಮಿಸಿ. 1960ರ ಸಿನಿಮಾಗೆಲ್ಲ ಸ್ಪಾಯ್ಲರ್ ಎಚ್ಚರಿಕೆ ಕೊಡೋಕಾಗಲ್ಲ.) ಮೋಟೆಲ್ ನಡೆಸುವ ಹುಡುಗ ನಾರ್ಮನ್, ಬಾತ್‌ರೂಮಿನಲ್ಲಿ ಕೊಲೆಯಾದ ಹೆಂಗಸಿನ ಹೆಣವನ್ನು ಶವರ್ ಪರದೆಯಲ್ಲಿ ಸುತ್ತಿ, ಅವಳದೇ ಕಾರಿನ ಡಿಕ್ಕಿಗೆ ಹಾಕಿ, ಕಾರನ್ನು ಕೆಸರಿಗೆ ತಳ್ಳುತ್ತಾನೆ. ಕಾರು ನಿಧಾನಕ್ಕೆ ಮುಳುಗುತ್ತಾ ಹೋಗಿ, ಇನ್ನೇನು ಪೂರ್ತಿ ಹೋಯಿತು ಅನ್ನುವಾಗ ನಿಂತುಬಿಡುತ್ತೆ. ನಾರ್ಮನ್ ಬಾಯಲ್ಲಿ ಏನೋ ಅಗಿಯುತ್ತಿದ್ದವನು ಗಾಬರಿಯಿಂದ ಅತ್ತಿತ್ತ ನೋಡುತ್ತಾನೆ. ನಾನೂ ಉಸಿರು ಬಿಗಿಹಿಡಿದೆ. ಕಾರು ಗುಳುಕ್ ಅಂತ ಒಳಗೆ ಹೋದಾಗ, ಅಬ್ಬಾ ಅನಿಸಿತು.

ಅಬ್ಬಾ ಅಂದದ್ದು ಯಾರ ಪರವಾಗಿ? ಸ್ವಲ್ಪ ಹೊತ್ತಿನ ಹಿಂದಿನ ತನಕ ನಾನು ಆ ಹೆಂಗಸಿನ ಕಡೆ ಇದ್ದೆ. ಅವಳು 40,000 ಡಾಲರ್ ಕದ್ದು ಓಡಿಬಂದವಳು. ದಾರಿಯಲ್ಲಿ ಪೊಲೀಸ್ ಅವಳನ್ನು ವಿಚಾರಿಸಿದಾಗ ಸಿಕ್ಕಿಬೀಳದಿರಲಿ ಅಂತ ಹಾರೈಸಿದ್ದೆ. ಈಗ ಅವಳ ಹೆಣ ಸಿಗದಿರಲಿ ಅಂತ ಹಾರೈಸುತ್ತಿದ್ದೇನೆ. ನಡುವೆ ಯಾರೂ ನನ್ನ ಜೊತೆ ವಾದ ಮಾಡಿ ಒಪ್ಪಿಸಲಿಲ್ಲ. ಹಿಚ್‌ಕಾಕ್ ಮಾಡಿದ್ದು ಇಷ್ಟೇ: ನಾರ್ಮನ್ ಬಾತ್‌ರೂಮ್ ತೊಳೆಯೋದನ್ನು ಸುಮಾರು ಹೊತ್ತು, ಮಾತಿಲ್ಲದೆ, ತೋರಿಸಿದ. ಮಾಪು, ಬಕೆಟ್ಟು, ಟಬ್ಬಿನ ಅಂಚು, ಕೈಗಂಟಿದ ರಕ್ತ. ಅಚ್ಚುಕಟ್ಟಾಗಿ ಕೆಲಸ ಮಾಡೋನನ್ನು ನೋಡ್ತಾ ಕೂತರೆ ನಮ್ಮ ಮನಸ್ಸೂ ಆ ಕೆಲಸಕ್ಕೇ ಕೈ ಹಚ್ಚಿಬಿಡುತ್ತೆ. ಕದ್ದ ದುಡ್ಡು ಸುತ್ತಿಟ್ಟ ನ್ಯೂಸ್‌ಪೇಪರ್ ಮಂಚದ ಪಕ್ಕ ಹಾಗೇ ಉಳಿದಿರುತ್ತೆ. 'ಅಯ್ಯೋ, ಅದನ್ನ ಬಿಟ್ಟೆಯಲ್ಲೋ!' ಅಂತ ನಾವು ಒಳಗೊಳಗೇ ಕೂಗ್ತೀವಿ. ಅವನು ಕೊನೇ ಸಲ ಬಂದು, ಒಳಗೇನಿದೆ ಅಂತಲೂ ನೋಡದೆ, ಅದನ್ನೂ ಎತ್ತಿ ಡಿಕ್ಕಿಗೆ ಎಸೆಯುತ್ತಾನೆ. ಅಷ್ಟರಲ್ಲಿ ನಾವು ಪ್ರೇಕ್ಷಕರಾಗಿ ಉಳಿದಿರೋದಿಲ್ಲ. ಸೂಪರ್‌ವೈಸರ್ ಆಗಿರ್ತೀವಿ.

ನಮ್ಮಲ್ಲೂ ಇದು ಹೊಸದಲ್ಲ. 2014ರಲ್ಲಿ ರವಿಚಂದ್ರನ್ ಅಭಿನಯದ 'ದೃಶ್ಯ' ಬಂದಾಗ (ಮಲಯಾಳಂ ಮೂಲ ಅದರ ಹಿಂದಿನ ವರ್ಷದ್ದು) ಥಿಯೇಟರಿಗೆ ಥಿಯೇಟರೇ, ಹೆಣ ಸಿಗದೇ ಇರಲಿ ಅಂತ ಬೇಡಿಕೊಳ್ತಿತ್ತು. ಸತ್ತ ಹುಡುಗ ಕೆಟ್ಟವನು, ಸರಿ. ಆದರೆ ಅವನ ತಾಯಿ? ಮಗ ಎಲ್ಲಿ ಅಂತ ಹುಡುಕುವ ತಾಯಿ ನಮಗೆ ಅಡ್ಡಿಯಾಗಿ ಕಾಣ್ತಾಳೆ. ಅವಳೇ ಪೊಲೀಸ್ ಅಧಿಕಾರಿ, ಕೈಯಲ್ಲಿ ಲಾಠಿ ಅಧಿಕಾರ ಇದೆ ಅನ್ನೋದು ನಮಗೆ ಅನುಕೂಲವಾಯ್ತು.

'ಸಿನಿಮಾ ತಾನೇ ಬಿಡಪ್ಪಾ' ಅಂತ ಹೇಳೋರಿದ್ದಾರೆ. ನಾನೂ ಹಾಗೇ ಹೇಳ್ತಿದ್ದೆ.

ಎರಡು ವರ್ಷದ ಹಿಂದೆ ಒಂದು ಗುರುವಾರ ಮ್ಯಾನೇಜರ್ ನನ್ನನ್ನು ಮೀಟಿಂಗ್ ರೂಮಿಗೆ ಕರೆದು ಒಂದು ಲಿಸ್ಟ್ ತೋರಿಸಿದರು. ನಮ್ಮ ಟೀಮಿನ ಮೂರು ಹೆಸರು. ಎರಡನೆಯದು ನನ್ನ ಗೆಳೆಯನದು. ಹನ್ನೆರಡು ದಿನ ಯಾರಿಗೂ ಹೇಳಬಾರದು. ಅಷ್ಟರಲ್ಲಿ ಅವರ ಕೆಲಸ ಬೇರೆಯವರಿಗೆ ಗೊತ್ತಾಗದ ಹಾಗೆ ದಾಟಿಸುವ ಪ್ಲಾನ್ ನಾನು ಮಾಡಬೇಕು. ಹೊರಗೆ ಬಂದರೆ ಅವನು ನನ್ನ ಡೆಸ್ಕಿನ ಹತ್ತಿರವೇ ನಿಂತಿದ್ದ. "ಬಾ ಗುರೂ, ಕಾಫಿಗೆ ಹೋಗೋಣ" ಅಂದ. ದರ್ಶಿನಿಯಲ್ಲಿ ಬೈಟು ಕಾಫಿ ತಗೊಂಡು ಫೋನಿನಲ್ಲಿ ಒಂದು ಫ್ಲಾಟಿನ ನಕ್ಷೆ ತೋರಿಸಿದ. ಕನಕಪುರ ರೋಡು, ಎರಡು ಬೆಡ್‌ರೂಮು. ಶನಿವಾರ ಅಡ್ವಾನ್ಸ್ ಕಟ್ತಾನಂತೆ.

1962ರಲ್ಲಿ ಫ್ರೆಂಚ್ ನಿರ್ದೇಶಕ ತ್ರೂಫೋ ಜೊತೆ ದಿನಗಟ್ಟಲೆ ಮಾತಾಡುವಾಗ ಹಿಚ್‌ಕಾಕ್ ಕೊಟ್ಟ ಉದಾಹರಣೆಯೊಂದು ಸಿನಿಮಾ ಕಲಿಯುವವರಿಗೆಲ್ಲ ಬಾಯಿಪಾಠ. ಟೇಬಲ್ ಕೆಳಗೆ ಬಾಂಬಿದೆ. ನಮಗೆ ಗೊತ್ತಿಲ್ಲದೆ ಅದು ಸಿಡಿದರೆ ಹದಿನೈದು ಸೆಕೆಂಡಿನ ಬೆಚ್ಚು. ನಮಗೆ ಮೊದಲೇ ಗೊತ್ತಿದ್ದು, ಟೇಬಲ್ಲಿಗೆ ಕೂತವರಿಗೆ ಗೊತ್ತಿಲ್ಲದೆ ಅವರು ಏನೇನೋ ಹರಟ್ತಾ ಇದ್ದರೆ ಹದಿನೈದು ನಿಮಿಷದ ಸಸ್ಪೆನ್ಸ್. ಅವರನ್ನು ಎಚ್ಚರಿಸಬೇಕು ಅಂತ ನಮ್ಮ ಗಂಟಲು ತುರಿಸುತ್ತೆ, ಎಚ್ಚರಿಸೋಕೆ ಆಗಲ್ಲ. ಥ್ರಿಲ್ಲರಿನ ಸುಖ ಇರೋದು ಆ 'ಆಗಲ್ಲ'ದಲ್ಲೇ ಅಂತ ನನಗನ್ನಿಸುತ್ತೆ. ಪರದೆ ನಮ್ಮ ಮಾತು ಕೇಳಿಸಿಕೊಳ್ಳೋದಿಲ್ಲವಾದ್ದರಿಂದ ಗೊತ್ತಿದ್ದೂ ಸುಮ್ಮನಿದ್ದ ತಪ್ಪು ನಮಗೆ ಅಂಟೋದಿಲ್ಲ. ದರ್ಶಿನಿಯಲ್ಲಿ ಗೆಳೆಯ ನನ್ನಿಂದ ಒಂದೂವರೆ ಅಡಿ ದೂರದಲ್ಲಿದ್ದ.

"ಸ್ವಲ್ಪ ವೇಯ್ಟ್ ಮಾಡಬಾರದಾ?" ಅಂದೆ. "ಯಾಕೋ, ರೇಟ್ ಇಳಿಯುತ್ತಾ?" ಅಂತ ನಕ್ಕ. ನಾನೂ ನಕ್ಕೆ. ಅಷ್ಟೇ.

ಸುಮ್ಮನಿದ್ದುದಕ್ಕೆ ಕಾರಣಗಳಿದ್ದವು, ಎಲ್ಲವೂ ಸುಳ್ಳಲ್ಲ. ಗುಟ್ಟು ಕಾಪಾಡ್ತೀನಿ ಅಂತ ಒಪ್ಪಿಕೊಂಡಿದ್ದೆ. ಅವನಿಗೊಬ್ಬನಿಗೆ ಹೇಳಿದರೆ ಉಳಿದ ಇಬ್ಬರು ಮಾಡಿದ ಪಾಪವೇನು? ವಿಷಯ ಹೊರಬಿದ್ದರೆ ನಾಲ್ಕನೇ ಹೆಸರು ನನ್ನದೇ ಆಗಬಹುದು, ನನಗೂ ಇ.ಎಂ.ಐ. ಇದೆ. ಆದರೆ ಇವತ್ತಿಗೂ ಚುಚ್ಚೋದು ಈ ಕಾರಣಗಳಲ್ಲ. ನಾಲ್ಕೈದು ದಿನ ಕಳೆಯೋದರೊಳಗೆ ನಾನು ಕೆಲಸಕ್ಕೆ ಕೈ ಹಚ್ಚಿಬಿಟ್ಟಿದ್ದೆ. ಯಾವ ಮಾಡ್ಯೂಲ್ ಯಾರಿಗೆ, ಪಾಸ್‌ವರ್ಡ್ ಯಾವಾಗ ಬದಲಿಸೋದು, ಅವನಿಗೆ ಅನುಮಾನ ಬರದ ಹಾಗೆ ಡಾಕ್ಯುಮೆಂಟ್ ಬರೆಸಿಕೊಳ್ಳೋದು ಹೇಗೆ. ಎಕ್ಸೆಲ್ ಶೀಟಿನಲ್ಲಿ ಒಂದೊಂದೇ ಸಾಲು ಹಸಿರಾಗುತ್ತಿದ್ದರೆ ಸಮಾಧಾನ ಆಗ್ತಿತ್ತು. ಒಂದು ಕ್ಲೈಂಟ್ ಅಕೌಂಟ್ ಬಿಟ್ಟುಹೋಗಿದ್ದು ರಾತ್ರಿ ಹನ್ನೊಂದಕ್ಕೆ ನೆನಪಾಗಿ ಧಡಕ್ಕನೆ ಎದ್ದು ಕೂತೆ. ಮಂಚದ ಪಕ್ಕದ ನ್ಯೂಸ್‌ಪೇಪರ್! ಆ ಗಳಿಗೆಯಲ್ಲಿ ಗೆಳೆಯನ ನೆನಪು ನನಗೆ ಬರಲೇ ಇಲ್ಲ. ಕೊನೆಯ ಎರಡು ದಿನವಂತೂ ಒಂದೇ ಪ್ರಾರ್ಥನೆ: ಬೇಗ ಮುಗಿದುಹೋಗಲಿ. ಕಾರು ಮುಳುಗಲಿ.

ಹಿಚ್‌ಕಾಕ್‌ಗೂ ಒಂದು ಪಶ್ಚಾತ್ತಾಪ ಇತ್ತು. 1936ರ 'ಸ್ಯಾಬೊಟಾಜ್' ಸಿನಿಮಾದಲ್ಲಿ ಒಬ್ಬ ಪುಟ್ಟ ಹುಡುಗನ ಕೈಗೆ, ಅವನಿಗೆ ಗೊತ್ತಿಲ್ಲದೆ, ಬಾಂಬಿನ ಪೊಟ್ಟಣ ಕೊಟ್ಟು ಕಳಿಸ್ತಾರೆ. ಒಂದೂ ಮುಕ್ಕಾಲಿಗೆ ಸಿಡಿಯುತ್ತೆ ಅಂತ ನಮಗೆ ಗೊತ್ತು. ಹುಡುಗ ದಾರಿಯಲ್ಲಿ ಅದೂ ಇದೂ ನೋಡ್ತಾ ನಿಲ್ತಾನೆ, ಮೆರವಣಿಗೆ ಅಡ್ಡ ಬರುತ್ತೆ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ನಾಯಿಮರಿ ಜೊತೆ ಆಡ್ತಾನೆ. ಬಾಂಬು ಸಿಡಿಯುತ್ತೆ. ಅದು ತನ್ನ ತಪ್ಪು ಅಂತ ಹಿಚ್‌ಕಾಕ್ ತ್ರೂಫೋ ಮುಂದೆ ಒಪ್ಪಿಕೊಂಡ: ಅಷ್ಟೊತ್ತು ಆತಂಕದಲ್ಲಿಟ್ಟ ಮೇಲೆ ಹುಡುಗನನ್ನು ಸಾಯಿಸಬಾರದಿತ್ತು, ಪ್ರೇಕ್ಷಕರಿಗೆ ಸಿಟ್ಟು ಬಂತು. ಹಾಗಾದರೆ ನಮ್ಮ ನಡುವೆ ಒಂದು ಒಪ್ಪಂದ ಇದೆ. ಕೊನೇ ಗಳಿಗೆಯಲ್ಲಿ ಬಾಂಬು ಯಾರ ಕಣ್ಣಿಗಾದರೂ ಬೀಳುತ್ತೆ ಅನ್ನೋ ನಂಬಿಕೆ ಮೇಲೆ ನಾವು ಪಾಪ್‌ಕಾರ್ನ್ ತಿಂತೀವಿ. ಆ ಹನ್ನೆರಡು ದಿನ ನಾನೂ ಆ ನಂಬಿಕೆಯಲ್ಲೇ ಇದ್ದೆನೇನೋ. ಮೇಲಿನವರು ಮನಸ್ಸು ಬದಲಿಸಬಹುದು, ಬ್ಯಾಂಕಿನವರು ಲೋನ್ ಕೊಡದೇ ಇರಬಹುದು, ಯಾರಾದರೂ ಏನಾದರೂ. ಯಾರಾದರೂ ಅಂದರೆ ನಾನಲ್ಲದ ಯಾರಾದರೂ.

ಶನಿವಾರ ಅವನು ಅಡ್ವಾನ್ಸ್ ಕಟ್ಟಿದ. ಮರು ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಕರೆ ಬಂತು, ಹತ್ತೂಕಾಲಿಗೆ ಲ್ಯಾಪ್‌ಟಾಪ್ ಕೊಟ್ಟ. ಕೆಲಸ ಒಂದಿಷ್ಟೂ ಕೆಟ್ಟಿರಲಿಲ್ಲ, ಚೆನ್ನಾಗಿ ನಿಭಾಯಿಸಿದೆ ಅಂತ ನನಗೆ ಮೇಲ್ ಬಂತು.

ಅಡ್ವಾನ್ಸಿನಲ್ಲಿ ಒಂದಷ್ಟು ಮುರಿದುಕೊಂಡು ಉಳಿದದ್ದು ವಾಪಸ್ ಕೊಟ್ಟರು. ನಾಲ್ಕು ತಿಂಗಳಿಗೆ ಅವನಿಗೆ ಬೇರೆ ಕೆಲಸವೂ ಸಿಕ್ಕಿತು. ಮೊನ್ನೆ ಮನೆಗೆ ಬಂದಿದ್ದ. ಊಟ ಆದ ಮೇಲೆ ಇಬ್ಬರೂ ಯಾವುದೋ ಥ್ರಿಲ್ಲರ್ ಹಾಕ್ಕೊಂಡು ಕೂತಿದ್ವಿ. ನಡುವೆ, ಟಿವಿಯಿಂದ ಕಣ್ಣು ತೆಗೆಯದೆ ಕೇಳಿದ: "ಅವತ್ತು ವೇಯ್ಟ್ ಮಾಡು ಅಂದೆಯಲ್ಲ. ನಾನು ನಗದೆ, ಸೀರಿಯಸ್ಸಾಗಿ ಯಾಕೆ ಅಂತ ಕೇಳಿದ್ರೆ ಹೇಳ್ತಿದ್ಯಾ?"

"ಗೊತ್ತಿಲ್ಲ ಕಣೋ" ಅಂದೆ.

ಅವನು ಸ್ವಲ್ಪ ಹೊತ್ತು ಬಿಟ್ಟು, "ಸೌಂಡ್ ಜಾಸ್ತಿ ಮಾಡು" ಅಂದ.