ಎಂಜಿನ್ನಿನ ಸದ್ದು ಮತ್ತು ನಂಬುವವನ ಹೊಣೆ

ಸಂಶೋಧನೆಗೆಂದು ಅಮೆರಿಕಕ್ಕೆ ಬಂದ ನಾನು ಬಾಡಿಗೆಗಿರುವ ಮನೆಯ ಯಜಮಾನರಿಗೆ ಎಪ್ಪತ್ತು ದಾಟಿದೆ. ಹಿತ್ತಲಿನ ಇಳಿಜಾರಿನ ಹುಲ್ಲನ್ನು ಅವರು ಪುಟ್ಟ ಟ್ರ್ಯಾಕ್ಟರಿನಲ್ಲಿ ಕೂತು ಕತ್ತರಿಸುತ್ತಾರೆ. ಒಂದೇ ಸಿಲಿಂಡರಿನ ಪೆಟ್ರೋಲ್ ಎಂಜಿನ್. ಕಳೆದ ವರ್ಷ ಅದು ಆಯಿಲ್ ಕುಡಿದು ಹೊಗೆ ಕಾರತೊಡಗಿದಾಗ, ಚಳಿಗಾಲದಲ್ಲಿ ನಾನೇ ಬಿಚ್ಚಿ ಪಿಸ್ಟನ್ ರಿಂಗ್ ಬದಲಿಸುತ್ತೇನೆ ಎಂದು ಒಪ್ಪಿಕೊಂಡೆ.

ಏಪ್ರಿಲ್‌ನಲ್ಲಿ ಮತ್ತೆ ಚಾಲೂ ಮಾಡಿದಾಗ ಹೊಗೆ ಇರಲಿಲ್ಲ. ಆದರೆ ಒಳಗಿನಿಂದ ಯಾರೋ ಬಾಗಿಲು ಬಡಿದ ಹಾಗೆ ಟೊಕ್, ಟೊಕ್ ಎಂಬ ಸದ್ದು. ಪಿಸ್ಟನ್ ಸಿಲಿಂಡರಿನ ಗೋಡೆಗೆ ಬಡಿಯುತ್ತಿದ್ದರೆ ಹೀಗಾಗುತ್ತದೆ, ಬಿಸಿಯಾದಂತೆ ಪಿಸ್ಟನ್ ಹಿಗ್ಗಿ ಸದ್ದು ತಗ್ಗುತ್ತದೆ. ಕನೆಕ್ಟಿಂಗ್ ರಾಡ್ ಸಡಿಲವಿದ್ದರೂ ಬಡಿತ ಕೇಳುತ್ತದೆ, ಆದರೆ ಅದು ಬಿಸಿಯಾದರೆ ತಗ್ಗುವಂಥದ್ದಲ್ಲ. ಆ ಅಲ್ಯೂಮಿನಿಯಂ ರಾಡ್ ತುಂಡಾದರೆ ಎಂಜಿನ್ನಿನ ಹೊಟ್ಟೆಯನ್ನೇ ಒಡೆದು ಹೊರಬರಬಹುದು. ಹತ್ತು ನಿಮಿಷ ಓಡಿಸಿ ಕಿವಿಗೊಟ್ಟೆ. ಸದ್ದು ತಗ್ಗಿದಂತೆ ಕೇಳಿಸಿತು. ‘ಸರಿಯಾಯಿತೇ?’ ಎಂದು ಯಜಮಾನರು ಕೇಳಿದರು. ‘ಹೌದು’ ಎಂದೆ.

ನಾನು ಸುಳ್ಳು ಹೇಳಿದೆನೇ? ಆ ಕ್ಷಣದಲ್ಲಿ ನಾನು ಅದನ್ನು ನಂಬಿದ್ದೆ. ಆದರೆ ಆ ನಂಬಿಕೆ ಹುಟ್ಟಿದ್ದು ಕಿವಿಯಿಂದಲ್ಲ. ಮೂರು ತಿಂಗಳ ಕೆಲಸವನ್ನು ಮತ್ತೆ ಬಿಚ್ಚಬೇಕಲ್ಲ ಎಂಬ ಸೋಮಾರಿತನದಿಂದ.

1877ರಲ್ಲಿ ಡಬ್ಲ್ಯು. ಕೆ. ಕ್ಲಿಫರ್ಡ್ ಬರೆದ ‘ನಂಬಿಕೆಯ ನೀತಿ’ ಎಂಬ ಪ್ರಬಂಧದಲ್ಲಿ ಒಬ್ಬ ಹಡಗಿನ ಒಡೆಯನಿದ್ದಾನೆ. ಹಡಗು ಹಳತಾಗಿದೆ ಎಂಬ ಅನುಮಾನವನ್ನು ತಾನೇ ಅದುಮಿ, ಅದು ಗಟ್ಟಿಯಾಗಿದೆ ಎಂದು ಮನಸಾರೆ ನಂಬಿ, ಜನರನ್ನು ತುಂಬಿ ಕಳಿಸುತ್ತಾನೆ. ಹಡಗು ಮುಳುಗುತ್ತದೆ. ಮುಳುಗದೆ ದಡ ಸೇರಿದ್ದರೂ ಅವನು ಅಷ್ಟೇ ತಪ್ಪಿತಸ್ಥ ಎನ್ನುತ್ತಾನೆ ಕ್ಲಿಫರ್ಡ್. ತರಗತಿಯಲ್ಲಿ ಇದನ್ನು ವಿದ್ಯಾರ್ಥಿಗಳಿಗೆ ವಿವರಿಸುವಾಗ ನನಗೆ ಈ ಕೊನೆಯ ಮಾತು ಅತಿಯೆನಿಸುತ್ತಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಮತ್ತೆ ಗ್ಯಾರೇಜಿಗೆ ಹೋದೆ. ಬೆಲ್ಟ್ ಕಳಚಿದರೂ ಸದ್ದು ಹಾಗೇ ಇತ್ತು, ಎಂಜಿನ್ ಬಿಸಿಯಾದ ಮೇಲೂ ತಗ್ಗಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೊತ್ತಿ, ತುದಿಯನ್ನು ಎಂಜಿನ್ನಿನ ಮೈಮೇಲೆ ಅಲ್ಲಲ್ಲಿ ಇಟ್ಟು ಕೇಳಿದೆ. ಖಂಡಿತ ರಾಡ್ ಎಂದುಕೊಂಡು ಬಿಚ್ಚಲು ಮೊದಲು ಮೇಲಿನ ಕವರ್ ತೆಗೆದರೆ, ಫ್ಲೈವೀಲಿನ ನಟ್ಟೇ ಸಡಿಲವಿತ್ತು! ಟಾರ್ಕ್ ರೆಂಚ್ ಇಲ್ಲದೆ ಕೈ ಅಂದಾಜಿನಲ್ಲಿ ಬಿಗಿದಿದ್ದೆ. ಕೀ ಇನ್ನೂ ತುಂಡಾಗಿರಲಿಲ್ಲ. ರೆಂಚ್ ಎರವಲು ತಂದು ಅಳತೆಗೆ ಸರಿಯಾಗಿ ಬಿಗಿದೆ. ಬಡಿತ ನಿಂತಿತು.

ನ್ಯಾಯಶಾಸ್ತ್ರದವರು ಇಂಥ ಗುರುತನ್ನು ಸವ್ಯಭಿಚಾರ ಹೇತು ಎನ್ನುತ್ತಾರೆ: ಸಾಧಿಸಬೇಕಾದ್ದು ಇಲ್ಲದ ಕಡೆಯೂ ಕಾಣಿಸಿಕೊಳ್ಳುವ ಹೇತು. ಸಡಿಲ ರಾಡ್ ಮತ್ತು ಸಡಿಲ ಫ್ಲೈವೀಲ್ ಎರಡೂ ಒಂದೇ ಥರ ಬಡಿಯುತ್ತವೆ. ಕಿವಿಯೊಂದನ್ನೇ ನಂಬಿದವನು, ಸಮಾಧಾನದಲ್ಲಿದ್ದರೂ ಭಯದಲ್ಲಿದ್ದರೂ, ಎಡವುತ್ತಾನೆ. ನಾನು ಎರಡು ಸಲವೂ ಎಡವಿದೆ.

ಪುರಾವೆ ಪೂರ್ತಿ ಸಿಗುವವರೆಗೆ ಕಾಯುತ್ತ ಕೂತರೆ ಬದುಕು ಸಾಗದು ಎಂದು ಯಾರಾದರೂ ಆಕ್ಷೇಪಿಸಬಹುದು. 1896ರಲ್ಲಿ ವಿಲಿಯಂ ಜೇಮ್ಸ್ ಕ್ಲಿಫರ್ಡನಿಗೆ ಉತ್ತರಿಸಿದ್ದೂ ಹೆಚ್ಚುಕಡಿಮೆ ಹೀಗೆಯೇ. ಸ್ನೇಹದಲ್ಲಿ, ಧೈರ್ಯದಲ್ಲಿ ನಂಬಿಕೆ ಪುರಾವೆಗಿಂತ ಮುಂದೆ ನಡೆಯಬೇಕಾಗುತ್ತದೆ, ನಿಜ. ಆದರೆ ಬುದ್ಧಿಯಿಂದ ತೀರ್ಮಾನಿಸಲಾಗದ ಕಡೆಗೆ ಮಾತ್ರ ಜೇಮ್ಸ್ ಈ ರಿಯಾಯಿತಿ ಕೊಟ್ಟಿದ್ದು. ನನ್ನ ಅನುಮಾನ ತೀರಲು ಒಂದು ಗಂಟೆ, ಒಂದು ಸ್ಪ್ಯಾನರ್ ಸಾಕಾಗಿತ್ತು. ಮೇಲಾಗಿ, ಆ ನಂಬಿಕೆಯ ಮೇಲೆ ಕೂರಬೇಕಿದ್ದವನು ನಾನಲ್ಲ.

ಯಜಮಾನರಿಗೆ ನಡೆದದ್ದನ್ನು ಹೇಳಿದೆ. ಅವರು ನಕ್ಕು, ‘ಹೇಗೂ ಏನೂ ಆಗಲಿಲ್ಲವಲ್ಲ’ ಎಂದರು. ಹಡಗು ದಡ ಸೇರಿತ್ತು. ಕ್ಲಿಫರ್ಡನ ಆ ಕೊನೆಯ ಮಾತು ಈಗ ನನಗೆ ಅತಿಯೆನಿಸುವುದಿಲ್ಲ. ನನ್ನ ಪ್ರಬಂಧದ ಮೂರನೆಯ ಅಧ್ಯಾಯದಲ್ಲೂ ಒಂದು ವಾದ ಬಹಳ ದಿನಗಳಿಂದ ಟೊಕ್ ಟೊಕ್ ಎನ್ನುತ್ತಿದೆ. ಈ ವಾರ ಅದನ್ನು ಬಿಚ್ಚಬೇಕು.